ತೊಟ್ಟಿಮನೆ ಕೆಡಹುವ ಮುನ್ನ ಆರು ತಿಂಗಳು ತಡೆಯಲಿ

ಮಾನ್ಯ ಸಂಪಾದಕರೆ,

ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಕಾನೂನೂ ಇದೆ. ಆದರೆ ಹಾಸನದ ಹಳೆ ಬೀದಿಗಳಲ್ಲಿ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಉಳಿದಿರುವ ತೊಟ್ಟಿಮನೆಗಳಿಗೆ, ತೋಟದ ಬಂಗಲೆಗಳಿಗೆ ಅಂಥ ಕಾವಲಿಲ್ಲ. ಜೆಸಿಬಿಗೆ ಅರ್ಧ ದಿನದ ಕೆಲಸ. ಬೀಟೆಯ ಕಂಬ, ಕೆತ್ತನೆಯ ಬಾಗಿಲುವಾಡ ಹಳೆ ಮರದ ವ್ಯಾಪಾರಕ್ಕೆ, ಹೆಂಚು ಕೊಟ್ಟಿಗೆಗೆ, ಗೋಡೆಯ ಮಣ್ಣು ಹಳ್ಳ ಮುಚ್ಚಲಿಕ್ಕೆ.

‘ನಮ್ಮ ಮನೆ, ನಾವು ಕೆಡಹುತ್ತೇವೆ, ಯಾರನ್ನು ಕೇಳಬೇಕು?’ ಎಂಬ ಮಾತು ನ್ಯಾಯವಾದದ್ದೇ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲೂ ಇದೇ ಮಾತಿತ್ತು. ಅಲ್ಲಿನ ಸ್ವಾತಂತ್ರ್ಯ ಹೋರಾಟದ ಮುಂದಾಳು ಜಾನ್ ಹ್ಯಾನ್‌ಕಾಕ್ ಬಾಳಿದ ಬಾಸ್ಟನ್ನಿನ ಕಲ್ಲುಮನೆಯನ್ನು 1863ರಲ್ಲಿ ಕೆಡವಿದರು. ಆ ನಷ್ಟದ ನೋವು ಊರವರಲ್ಲಿ ಉಳಿಯಿತು. 1870ರ ದಶಕದಲ್ಲಿ ಅದೇ ಊರಿನ ಹಳೆಯ ಪ್ರಾರ್ಥನಾ ಮಂದಿರ ಓಲ್ಡ್ ಸೌತ್ ಮೀಟಿಂಗ್ ಹೌಸ್ ಒಡೆಯಲು ಹೊರಟಾಗ ಜನ ಹಣ ಕೂಡಿಸಿ ಅದನ್ನು ಉಳಿಸಿಕೊಂಡರು. ಇಂದು ಆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ‘ಕೆಡಹುವಿಕೆ ತಡೆ’ ನಿಯಮ ಇದೆ. ಎಷ್ಟು ವರ್ಷ ದಾಟಿದ ಕಟ್ಟಡಕ್ಕೆ ಈ ನಿಯಮ ಎಂದು ಊರೇ ಗೊತ್ತುಮಾಡುತ್ತದೆ. ಹಲವೆಡೆ ಅದು 50 ವರ್ಷ. ಅಂಥದ್ದನ್ನು ಕೆಡಹಲು ಅರ್ಜಿ ಬಂದರೆ ಸ್ಥಳೀಯ ಸಮಿತಿ ನೋಡುತ್ತದೆ. ಉಳಿಸತಕ್ಕದ್ದು ಅನ್ನಿಸಿದರೆ ಪರವಾನಗಿಯನ್ನು ಆರು ತಿಂಗಳು, ಕೆಲವೆಡೆ ವರ್ಷ, ಒಂದೂವರೆ ವರ್ಷ ತಡೆಹಿಡಿಯುತ್ತದೆ. ಬಾಸ್ಟನ್ ನಗರದಲ್ಲಿ 90 ದಿನ ಮಾತ್ರ. ಅವಧಿ ಮುಗಿದ ಮೇಲೆ ಮಾಲೀಕ ಕೆಡಹಬಹುದು, ಅವನ ಹಕ್ಕಿಗೆ ಧಕ್ಕೆಯಿಲ್ಲ. ಆ ನಡುವೆ ಕೊಳ್ಳುವವರು ಸಿಕ್ಕಬಹುದು, ದುರಸ್ತಿಯ ಅಂದಾಜು ಸಿಕ್ಕಬಹುದು, ಏನೂ ಆಗದಿದ್ದರೆ ಅಳತೆಯ ನಕ್ಷೆ, ಫೋಟೊಗಳಾದರೂ ಉಳಿಯುತ್ತವೆ.

ನಮ್ಮ ನಗರ, ಪುರಸಭೆಗಳಿಂದ ನಾವು ಕೇಳುವುದು ಇಷ್ಟನ್ನೇ: 75 ವರ್ಷ ದಾಟಿದ ಮನೆಗೆ ಆರು ತಿಂಗಳ ತಡೆ.

ಸರ್ಕಾರದ ಪಟ್ಟಿಗೆ ಸೇರಿದರೆ ಮನೆ ಕೈತಪ್ಪುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದಲ್ಲಿ 1966ರ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ಪಟ್ಟಿಯಲ್ಲಿ ಮನೆ ಸೇರಿದರೂ, ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿ ತಗುಲಿಕೊಳ್ಳದ ಕೆಲಸದಲ್ಲಿ ಮಾಲೀಕನನ್ನು ಆ ಪಟ್ಟಿ ತಡೆಯುವುದಿಲ್ಲ. ಗಟ್ಟಿ ಕಟ್ಟುಪಾಡು ಬೇಕೆಂದವರು ತಾವಾಗಿಯೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಮುಂಭಾಗ, ಮೆಟ್ಟಿಲು, ಮರಗೆಲಸ ಇಂತಿಂಥದ್ದನ್ನು ಬದಲಿಸಕೂಡದು ಎಂದು ಪತ್ರದಲ್ಲಿ ನೋಂದಾಯಿಸಿದರೆ, ಮನೆ ಯಾರಿಗೆ ಮಾರಿದರೂ ಆ ಕರಾರು ಮನೆಯ ಜೊತೆಗೇ ಹೋಗುತ್ತದೆ. 1910ರಲ್ಲಿ ಶುರುವಾದ, ಈಗ ‘ಹಿಸ್ಟಾರಿಕ್ ನ್ಯೂ ಇಂಗ್ಲೆಂಡ್’ ಎನ್ನಿಸಿಕೊಂಡಿರುವ ಸಂಸ್ಥೆ ಹೀಗೆ ಅನೇಕ ಮನೆಗಳನ್ನು ಜನ ವಾಸವಿರುವಂತೆಯೇ ಕಾಯುತ್ತಿದೆ. ಎಲ್ಲ ಮನೆಯನ್ನೂ ಮ್ಯೂಸಿಯಂ ಮಾಡಲಾಗದು. ಒಲೆ ಉರಿಯುವ ಮನೆಗೇ ಆಯುಸ್ಸು ಹೆಚ್ಚು.

ಹಣದ ದಾರಿಯನ್ನೂ ಆ ರಾಜ್ಯ ಕಂಡುಕೊಂಡಿದೆ. 2000ದ ಒಂದು ಕಾಯ್ದೆಯಂತೆ ಊರಿನ ಜನ ಮತ ಹಾಕಿ ಆಸ್ತಿ ತೆರಿಗೆಯ ಮೇಲೆ ಗರಿಷ್ಠ ಶೇ 3ರಷ್ಟು ಮೇಲ್ತೆರಿಗೆ ವಿಧಿಸಿಕೊಳ್ಳಬಹುದು. ಅದರಲ್ಲಿ ಶೇ 10ರಷ್ಟಾದರೂ ಹಳೆಯ ಕಟ್ಟಡಗಳಿಗೆ ಮೀಸಲು.

‘ಮರ, ಮಣ್ಣಿನ ಮನೆ ಎಷ್ಟು ದಿನ ಬಾಳೀತು’ ಅನ್ನುವವರು ಆ ರಾಜ್ಯದ ಡೆಡಮ್ ಊರಿನ ಫೇರ್‌ಬ್ಯಾಂಕ್ಸ್ ಮನೆಯನ್ನು ನೆನೆಯಬೇಕು. ಮರದ ಚೌಕಟ್ಟಿನ ಆ ಮನೆ ಕಟ್ಟಿದ್ದು 1640ರ ಆಸುಪಾಸಿನಲ್ಲಿ, ಇಂದಿಗೂ ನಿಂತಿದೆ. ನಮ್ಮ ಮನೆಗಳು ಬೀಳುತ್ತಿರುವುದು ಮುಪ್ಪಿನಿಂದ ಅಲ್ಲ, ನೀರಿನಿಂದ. ಅದಕ್ಕಿಂತ ಹೆಚ್ಚಾಗಿ ತಪ್ಪು ದುರಸ್ತಿಯಿಂದ.

ಮೊದಲ ಶತ್ರು ಸಿಮೆಂಟು ಗಿಲಾವು. ಮಣ್ಣಿನ ಗೋಡೆ ಪಾಯದಿಂದ ತೇವ ಹೀರಿ ಮೈಯಿಂದ ಹೊರಬಿಡುತ್ತದೆ. ಸಿಮೆಂಟು ಬಳಿದರೆ ಆ ದಾರಿ ಮುಚ್ಚಿ ತೇವ ಇನ್ನೂ ಮೇಲೇರುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಮಣ್ಣು ಪುಡಿಯಾಗುತ್ತದೆ, ಕೊನೆಗೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನುಣ್ಣಗೇ ಇರುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಬೇಕಾದದ್ದು ಸುಣ್ಣದ ಗಾರೆ. ಅರಳಿಸಿ, ಎರಡು ವಾರಕ್ಕೆ ಕಡಿಮೆಯಿಲ್ಲದೆ ನೀರಿನಡಿ ಕೊಳೆಹಾಕಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಒಂದು ಪದರ 10–12 ಮಿಲಿಮೀಟರ್ ಮೀರಬಾರದು, ಒಂದು ವಾರ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವಂಥದ್ದು. ಮಲೆನಾಡಿನಲ್ಲಿ ಈ ಕೆಲಸ ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಯಬೇಕು, ಏಪ್ರಿಲ್‌ವರೆಗೆ ಎಳೆದರೆ ಮೊದಲ ಮಳೆಗೇ ಹಸಿ ಗಾರೆ ಕಳಚಿಕೊಳ್ಳುತ್ತದೆ.

ಮಾಡಿನ ವಿಚಾರ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ತೂಕ ಹತ್ತಿರಹತ್ತಿರ 40 ಕೆ.ಜಿ. ಆ ಭಾರಕ್ಕೆ ತಕ್ಕಂತೆ ಕಟ್ಟಿದ ಮಾಡಿನಿಂದ ಹೆಂಚಿಳಿಸಿ ತಗಡು ಹೊದಿಸಿದರೆ ಗಾಳಿಗೆ ಎತ್ತಿಕೊಳ್ಳುತ್ತದೆ, ಒಳಬದಿ ಬೆವರಿ ಮಾಡಿನ ಮರಗಳಾದ ಪಕಾಸು, ರೀಪು ನೆನೆಯುತ್ತವೆ. ತೊಟ್ಟಿಯ ನಾಲ್ಕು ಮೂಲೆಯಲ್ಲಿ ಎರಡು ಮಾಡು ಸೇರುವಲ್ಲಿ ನೀರು ಹರಿಯುವ ದೋಣಿಗಳನ್ನು ಮಳೆಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಬಳಿದು ಚೊಕ್ಕ ಮಾಡಲೇಬೇಕು. ಅಣ್ಣತಮ್ಮಂದಿರ ಪಾಲಾಗಿ ತೊಟ್ಟಿಯ ನಡುವೆ ಗೋಡೆ ಎದ್ದ ಮನೆಗಳಲ್ಲಿ ಒಬ್ಬರ ಪಾಲಿನ ನೀರು ಇನ್ನೊಬ್ಬರ ಗೋಡೆಗೆ ನಿಲ್ಲುತ್ತದೆ. ಪಾಲುಪಟ್ಟಿ ಬರೆಯುವಾಗಲೇ ತೊಟ್ಟಿ, ಅದರ ಮೋರಿ ಎರಡನ್ನೂ ಜಂಟಿಯಾಗಿ ಉಳಿಸಿಕೊಳ್ಳುವುದು ಲೇಸು. ತೊಲೆಯ ತುದಿ ಕೊಳೆತರೆ ಇಡೀ ತೊಲೆ ಬಿಸಾಡಬೇಕಿಲ್ಲ. ಗಟ್ಟಿ ಮರ ಸಿಗುವಷ್ಟು ಕೊಯ್ದು ಅದೇ ಜಾತಿಯ ಒಣ ಮರವನ್ನು ಓರೆಯಾಗಿ ಬೆಸೆದು ಮೊಳೆಗೂಟ ಹೊಡೆಯಬಹುದು. ಹೊಸ ತುಂಡಿನ ಮೇಲೆ ಇಸವಿ ಕೆತ್ತಿ, ಮುಂದೆ ಬರುವ ಬಡಗಿಗೆ ಗೊತ್ತಾಗಲಿ.

ಅತಿಯಾದ ಉತ್ಸಾಹವೂ ಕೆಡಿಸುತ್ತದೆ. ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಪಾಲ್ ರೆವಿಯರ್ ಅವರ ಬಾಸ್ಟನ್ನಿನ ಮನೆಯನ್ನು 1908ರಲ್ಲಿ ‘ಮೂಲ ರೂಪ’ಕ್ಕೆ ತರುತ್ತೇವೆಂದು ಮೂರನೆಯ ಅಂತಸ್ತನ್ನು ತೆಗೆದುಹಾಕಿದರು. ರೆವಿಯರ್ ಬಾಳಿದ್ದು ಆ ಅಂತಸ್ತು ಇದ್ದ ಮನೆಯಲ್ಲೇ! ನಮ್ಮಲ್ಲೂ ನೂರು ವರ್ಷದ ಹಿಂದೆ ಸೇರಿದ ಮಹಡಿ, ಬಣ್ಣದ ಗಾಜು ಮನೆಯ ಚರಿತ್ರೆಯ ಭಾಗ. ಅವನ್ನು ಕಿತ್ತು ಹಳತಾಗಿ ಕಾಣುವ ಹೊಸತನ್ನು ಕೂರಿಸುವುದು ಬೇಡ.

ಬೇಲೂರು, ಹಳೇಬೀಡಿನವರಿಗೆ ಒಂದು ಮಾತು. ನಿಷೇಧಿತ ಪ್ರದೇಶದಲ್ಲಿ ದುರಸ್ತಿಗೂ ಅವಕಾಶವಿಲ್ಲವೆಂದು ಕೈಕಟ್ಟಿ ಕುಳಿತು ಮನೆ ಬೀಳಿಸಿಕೊಂಡವರಿದ್ದಾರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗೆ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಕೇಳಬಹುದು. ಹಳೆಯ ಕಂದಾಯ ರಸೀದಿ, ಖಾತೆಯ ನಕಲು, ಈಗಿನ ಸ್ಥಿತಿಯ ಫೋಟೊ ಜೋಡಿಸಿಟ್ಟುಕೊಳ್ಳಿ.

ಕೊನೆಯದು, ಲೋಕೋಪಯೋಗಿ ಎಂಜಿನಿಯರುಗಳಿಗೆ. ಹಳೆ ಡಾಂಬರಿನ ಮೇಲೆಯೇ ಹೊಸ ಡಾಂಬರು ಸುರಿದು ಸುರಿದು ಎಷ್ಟೋ ಬೀದಿಗಳಲ್ಲಿ ರಸ್ತೆ ಜಗಲಿಯ ಮಟ್ಟಕ್ಕೆ ಬಂದಿದೆ. ಮಳೆನೀರು ನೇರ ಪಾಯಕ್ಕೆ ಇಳಿಯುತ್ತಿದೆ. ಹಳೆ ಮನೆಗಳಿರುವ ಬೀದಿಯಲ್ಲಿ ಹಿಂದಿನ ಪದರ ಕೆರೆದು ತೆಗೆದ ಮೇಲೆಯೇ ಹೊಸದು ಹಾಕಬೇಕೆಂಬ ಷರತ್ತು ಈ ಬಾರಿಯ ಟೆಂಡರಿನಲ್ಲೇ ಸೇರಲಿ.

– ಹಳೆ ಮನೆಗಳ ದುರಸ್ತಿಯಲ್ಲಿ ತೊಡಗಿರುವ ಕೆಲವರು, ಹಾಸನ