ಭಂಗಿಯ ಅಮಲು ತಡವಾಗಿ ಏರುತ್ತದೆ, ಅಪಾಯ ಅಲ್ಲೇ ಇದೆ

ಮಾನ್ಯರೇ,

ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ಸದ್ದು ಶುರುವಾಗುತ್ತಲೇ ಭಂಗಿಯ ಮಾತೂ ಶುರುವಾಗುತ್ತದೆ. ಪತ್ರಿಕೆಗಳಲ್ಲಿ ಮಾತ್ರ ಇಷ್ಟು ಕಿಲೊ ಗಾಂಜಾ ವಶ, ಇಷ್ಟು ಮಂದಿ ಬಂಧನ ಎಂಬುದಕ್ಕಿಂತ ಹೆಚ್ಚು ಬರುವುದಿಲ್ಲ. ಹೀಗಾಗಿ ಹುಡುಗರ ಪಾಲಿಗೆ ‘ಭಂಗಿ ಅಂದ್ರ ಬರೇ ತಪ್ಪಲ, ಏನೂ ಆಗೂದಿಲ್ಲ’ ಎನ್ನುವ ಗೆಳೆಯನ ಮಾತೇ ವೇದವಾಕ್ಯ.

ಗಿಡ ಒಂದೇ. ಅದರ ಎಲೆ ಭಂಗಿ, ಹೆಣ್ಣು ಗಿಡದ ಹೂತೆನೆ ಗಾಂಜಾ, ತೆನೆಯಿಂದ ಬೇರ್ಪಡಿಸಿದ ಅಂಟು ಚರಸ್. ಅಮಲೇರಿಸುವ ರಾಸಾಯನಿಕ ಟಿಎಚ್‌ಸಿ ಎಲೆಯಲ್ಲಿ ಕಡಿಮೆ, ತೆನೆಯಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಈ ಗಿಡದ ಸಟೈವಾ ಎಂಬ ಬಗೆ ಹುರುಪು ಕೊಡುತ್ತದೆ, ಇಂಡಿಕಾ ಎಂಬ ಬಗೆ ನಿದ್ದೆ ತರಿಸುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದನ್ನು ನಂಬಬೇಕಿಲ್ಲ. ಹೆಸರು ನೋಡಿ ಪರಿಣಾಮ ಹೇಳಲಾಗದು. ಟಿಎಚ್‌ಸಿ ಎಷ್ಟಿದೆ, ಯಾವ ದಾರಿಯಿಂದ ಮೈಸೇರಿತು ಎಂಬುದೇ ಮುಖ್ಯ.

ಸೇದಿದರೆ ಕೆಲವೇ ನಿಮಿಷಗಳಲ್ಲಿ ಏರಿ ಎರಡು–ಮೂರು ತಾಸಿನಲ್ಲಿ ಇಳಿಯುತ್ತದೆ. ಕುಡಿದರೆ, ತಿಂದರೆ ಹಾಗಲ್ಲ. ಅರ್ಧ ತಾಸಿನಿಂದ ಎರಡು ತಾಸಿನವರೆಗೆ ಏನೂ ತಿಳಿಯದೆ ಇರಬಹುದು. ಅಷ್ಟರಲ್ಲಿ ಯಕೃತ್ತು ಟಿಎಚ್‌ಸಿಯನ್ನು ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತಿರುತ್ತದೆ. ‘ಏರಲೇ ಇಲ್ಲ’ ಎಂದು ಇನ್ನೊಂದು ಲೋಟ ಏರಿಸಿದವನಿಗೆ ಎರಡೂ ಸೇರಿ ಒಮ್ಮೆಗೇ ಬಡಿಯುತ್ತವೆ. ಇಳಿಯಲು ಆರೆಂಟು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅರೆದ ಎಲೆ ಪಾತ್ರೆಯ ತಳಕ್ಕೆ ಇಳಿಯುವುದರಿಂದ ಮೊದಲ ಲೋಟಕ್ಕೂ ಗಸಿ ತುಂಬಿದ ಕೊನೆಯ ಲೋಟಕ್ಕೂ ಸಮ ಇರುವುದಿಲ್ಲ. ‘ಒಂದೇ ಲೋಟ ಕುಡಿದೆ’ ಎಂಬ ಲೆಕ್ಕ ಇಲ್ಲಿ ನಡೆಯದು. ಜೊತೆಗೆ ಸಾರಾಯಿ ಬಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಕಣ್ಣು ಕೆಂಪಾಗುವುದು, ಬಾಯಿ ಒಣಗುವುದು, ಹಸಿವು, ಹೊತ್ತು ಸರಿಯದಂತೆ ಅನ್ನಿಸುವುದು ಸಾಮಾನ್ಯ. ಪ್ರಮಾಣ ಮೀರಿದರೆ ಎದೆ ಡವಗುಟ್ಟುತ್ತದೆ, ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಾರೆ, ಸಾಯುತ್ತೇನೆಂಬ ಭಯ, ಯಾರೋ ಬೆನ್ನಟ್ಟಿದ್ದಾರೆಂಬ ಸಂಶಯ ಹತ್ತುತ್ತದೆ. ಇದನ್ನು ಇಳಿಸುವ ಮದ್ದು ಮನೆಯಲ್ಲಿಲ್ಲ. ಎಚ್ಚರವಿದ್ದವರನ್ನು ಗದ್ದಲವಿಲ್ಲದ ಕಡೆ ಕೂರಿಸಿ, ಒಬ್ಬರು ಜೊತೆಗಿರಿ, ಗುಟುಕು ಗುಟುಕಾಗಿ ನೀರು ಕೊಡಿ. ಮಂಪರಿನಲ್ಲಿದ್ದರೆ ಮಗ್ಗುಲಾಗಿ ಮಲಗಿಸಿ. ಆಗ ನಿಂಬೆಹಣ್ಣಿನ ರಸ, ಮಜ್ಜಿಗೆ ಬಾಯಿಗೆ ಹೊಯ್ಯುವುದು, ಬೆರಳಿಟ್ಟು ವಾಂತಿ ಮಾಡಿಸುವುದು ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ಅಮಲಿಗಿಂತ ದೊಡ್ಡ ಅನಾಹುತ. ಎದೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಸ್ಥಿತಿ ಕಂಡರೆ 108ಕ್ಕೆ ಕರೆ ಮಾಡಿ. ಮಗು ಪ್ರಸಾದವೆಂದು ಭಂಗಿ ಪೇಡೆ ತಿಂದಿದ್ದರಂತೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮಕ್ಕಳಲ್ಲಿ ಉಸಿರಾಟವೇ ನಿಧಾನವಾಗಬಹುದು. ತಿಂದದ್ದೇನು ಎಂದು ವೈದ್ಯರಿಗೆ ನಿಜ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಇಲ್ಲದ ಕಾಯಿಲೆ ಹುಡುಕುತ್ತಾ ಹೊತ್ತು ಹೋಗುತ್ತದೆ.

ಮನೆತನದಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗ ಇದ್ದವರು, ಹೃದ್ರೋಗಿಗಳು, ಗರ್ಭಿಣಿಯರು ಇದರ ಹತ್ತಿರವೂ ಸುಳಿಯಬಾರದು. ಹದಿಹರೆಯದಲ್ಲಿ ಶುರುಮಾಡಿದವರಿಗೆ ಚಟ ಅಂಟುವ ಸಂಭವವೂ ಹೆಚ್ಚು. ಕುಡಿದ ದಿನ ಬೈಕ್ ಕೀಲಿ ಬೇರೆಯವರ ಕೈಯಲ್ಲಿರಲಿ.

ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ತೆನೆಯಿಲ್ಲದ ಎಲೆ, ಬೀಜ ಸೇರಿಲ್ಲ, ನಿಜ. ಎಲೆಯ ಜೊತೆ ತೆನೆ ಬೆರೆತಿದ್ದರೆ ಅದು ಗಾಂಜಾವೇ. ಬರೀ ಎಲೆಯ ಮೇಲೂ ರಾಜ್ಯದ ಅಬಕಾರಿ ಕಾನೂನಿನ ಹಿಡಿತವಿದೆ. ಗಾಂಜಾ 1 ಕಿಲೊವರೆಗೆ, ಚರಸ್ 100 ಗ್ರಾಂವರೆಗೆ ‘ಅಲ್ಪ ಪ್ರಮಾಣ’ ಎನಿಸುತ್ತದೆ. ಅಲ್ಪವೆಂದರೆ ಮಾಫಿ ಎಂದಲ್ಲ, ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಕಬ್ಬು, ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಬೆಳೆಸುವುದೂ ಅಪರಾಧ.

ಚಟಕ್ಕೆ ಬಿದ್ದವರು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಬರುವುದಿಲ್ಲ. ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ವ್ಯಸನಮುಕ್ತಿ ಸಹಾಯವಾಣಿ 14446. ಹೋಳಿಯ ವಾರ ಬಣ್ಣದ ಬಂಡಿಗಳ ಚಿತ್ರದ ಪಕ್ಕದಲ್ಲಿ ಈ ಸಂಖ್ಯೆಯನ್ನೂ ತಾವು ಅಚ್ಚುಹಾಕಬೇಕೆಂದು ಕೋರುತ್ತೇವೆ.

– ವ್ಯಸನಮುಕ್ತಿ ಆಪ್ತಸಮಾಲೋಚಕರು, ಬಾಗಲಕೋಟೆ