ಅಲಾಸ್ಕಾದ ಮೀನು–ಹಕ್ಕಿ ಪ್ರವಾಸ: ಮುಂದಿನ ಹಂಗಾಮಿನ ಬದಲಾವಣೆಗಳು

ಆತ್ಮೀಯ ಗ್ರಾಹಕರೇ,

ಇಲಿಯಾಮ್ನಾ ಸರೋವರದ ಬದಿಯ ಲಾಡ್ಜಿನಲ್ಲಿ ಉಳಿದು ಮೀನಿನ ಜೊತೆ ಟಾರ್ಮಿಗನ್ ಎಂಬ ಕಾಡುಕೋಳಿಯಂಥ ಹಕ್ಕಿಯ ಬೇಟೆಯನ್ನೂ ಸೇರಿಸಿದ ನಮ್ಮ ಪ್ರವಾಸ ಈವರೆಗೆ ಆಗಸ್ಟ್ ಮಧ್ಯದಲ್ಲಿ ನಡೆಯುತ್ತಿತ್ತು. ಮುಂದಿನ ಹಂಗಾಮಿನಿಂದ ಅದು ಸೆಪ್ಟೆಂಬರಿನ ಮೊದಲ ಎರಡು ವಾರಗಳಲ್ಲಿ ನಡೆಯುತ್ತದೆ. ಬೇಟೆಗೆ ಇಂಥದೇ ದಿನ ಎಂದು ಮೊದಲೇ ಗೊತ್ತುಮಾಡುವುದನ್ನೂ ಬಿಟ್ಟಿದ್ದೇವೆ.

ಹಕ್ಕಿಯ ಹಂಗಾಮು ಆಗಸ್ಟ್ 10ಕ್ಕೇ ತೆರೆಯುತ್ತದೆ, ನಿಜ. ಆದರೆ ಆಗ ಮರಿಗಳು ಪೂರ್ತಿ ಬಲಿತಿರುವುದಿಲ್ಲ. ಹಾರಿದರೂ ಹೊಡೆಯಲು ಮನಸ್ಸು ಬಾರದಷ್ಟು ಚಿಕ್ಕವು. ಸೆಪ್ಟೆಂಬರಿಗೆ ಅವು ಬಲಿತು, ಕುಟುಂಬಗಳು ಗುಂಪುಗೂಡತೊಡಗುತ್ತವೆ. ಹೊಳೆಯಲ್ಲಿ ಸಾಕ್‌ಐ ಸಾಲ್ಮನ್ ಮೊಟ್ಟೆಯಿಡುವುದರಿಂದ ಆ ಮೊಟ್ಟೆ ತಿನ್ನಲು ಬಂದ ರೇನ್‌ಬೋ ಟ್ರೌಟ್ ಕೊಬ್ಬಿರುತ್ತವೆ. ಸಿಲ್ವರ್ ಸಾಲ್ಮನ್ ಕೂಡ ಇನ್ನೂ ಸಿಗುತ್ತದೆ. ಸೊಳ್ಳೆಯ ಕಾಟವೂ ಇಳಿದಿರುತ್ತದೆ. ನಷ್ಟ ಒಂದೇ: ಗಾಳಿಮಳೆ ಹೆಚ್ಚು. ಮಂಜು ಕವಿದರೆ ಫ್ಲೋಟ್‌ಪ್ಲೇನ್ (ನೀರಿನ ಮೇಲೆ ಇಳಿದು ಏಳುವ ಪುಟ್ಟ ವಿಮಾನ) ಏಳುವುದಿಲ್ಲ. ಅದಕ್ಕಾಗಿ ಕೊನೆಗೆ ಒಂದು ಖಾಲಿ ದಿನ ಸೇರಿಸಿದ್ದೇವೆ. ಮನೆಗೆ ಮರಳುವ ಟಿಕೆಟ್ಟನ್ನು ಆ ದಿನದ ನಂತರಕ್ಕೇ ತೆಗೆದುಕೊಳ್ಳಿ.

ಯಾವತ್ತು ಕೋವಿ, ಯಾವತ್ತು ಗಾಳ ಎಂಬುದನ್ನು ಇನ್ನು ಗೈಡು ಬೆಳಿಗ್ಗೆ ಗುಡ್ಡ ನೋಡಿ ಹೇಳುತ್ತಾರೆ. ಮೋಡ ಗುಡ್ಡದ ಸೊಂಟಕ್ಕೆ ಇಳಿದಿದ್ದರೆ ಮೇಲೆ ಹತ್ತುವುದು ವ್ಯರ್ಥ, ಅಪಾಯ ಕೂಡ. ತುಂತುರಿಗೆ ಮೀನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ತುಂಬ ಗಾಳಿಯಿದ್ದರೆ ಹಕ್ಕಿಗಳು ಕೋವಿಯ ಅಳತೆಗೆ ಸಿಗುವ ಮೊದಲೇ ಎದ್ದುಬಿಡುತ್ತವೆ. ತಿಳಿ ಆಕಾಶ, ಮಂದ ಗಾಳಿ ಸಿಕ್ಕಿದ ದಿನ ವಿಲ್ಲೋ ಪೊದೆಗಳಿರುವ ತೊರೆಯ ದಂಡೆಯಿಂದ ಶುರುಮಾಡಿ, ರಾಕ್ ಟಾರ್ಮಿಗನ್ ಇರುವ ಕಲ್ಲುಗುಡ್ಡಕ್ಕೆ ಹತ್ತಬೇಕು. ಆರು ದಿನದಲ್ಲಿ ಎರಡು ಇಂಥ ದಿನ ಸಿಗಬಹುದು, ಒಂದೇ ಸಿಗಬಹುದು. ಹಕ್ಕಿಯೇ ಮುಖ್ಯ ಎನ್ನುವವರಿಗೆ ಈ ಪ್ರವಾಸ ಹೊಂದುವುದಿಲ್ಲ.

ಹೆಚ್ಚು ಗೊಂದಲ ಆಗುವುದು ಸಾಮಾನಿನಲ್ಲಿ. ವಿಮಾನ ಕಂಪನಿಗೆ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಖಾಲಿ ಕೋವಿ ಬೇಕು, ಕೌಂಟರಿನಲ್ಲಿ ಹೇಳಿ ಒಪ್ಪಿಸಬೇಕು. ಫ್ಲೋಟ್‌ಪ್ಲೇನಿನ ಪೈಲಟ್ಟಿಗೆ ಆ ಪೆಟ್ಟಿಗೆಯೇ ಬೇಡ, ಮೆತ್ತನೆಯ ಚೀಲ ಬೇಕು. ಹಾಗಾಗಿ ಮಡಚಿದ ಬಟ್ಟೆಯ ಕೋವಿಚೀಲವೊಂದನ್ನು ಜೊತೆಗೆ ತನ್ನಿ. ಗಟ್ಟಿ ಪೆಟ್ಟಿಗೆಯನ್ನು ಹೊರಡುವ ದಕ್ಕೆಯಲ್ಲೇ ಇರಿಸಿಕೊಳ್ಳುತ್ತೇವೆ. ಬಿಚ್ಚಿ ಎರಡು ತುಂಡು ಮಾಡಬಹುದಾದ ಜೋಡಿನಳಿಗೆ ಕೋವಿ ಒಳ್ಳೆಯದು. ನಾಲ್ಕು ತುಂಡಿನ ಗಾಳದ ರಾಡ್ ಕೂಡ ಅದರ ಪಕ್ಕದಲ್ಲೇ ಕೂರುತ್ತದೆ: ಟ್ರೌಟಿಗೆ 6 ಅಥವಾ 7 ವೇಟಿನದು (ವೇಟ್ ಎಂದರೆ ರಾಡಿನ ಬಲದ ನಂಬರು), ಸಿಲ್ವರ್ ಸಾಲ್ಮನ್‌ಗೆ 8 ವೇಟಿನದು. ತಲೆಗೆ ಒಟ್ಟು 50 ಪೌಂಡ್, ತೋಟಾ ಸೇರಿ. 12 ಬೋರಿನ 25 ತೋಟಾದ ಒಂದು ಡಬ್ಬಿಯೇ ಎರಡೂವರೆ ಪೌಂಡಿನ ಆಸುಪಾಸು ತೂಗುತ್ತದೆ, ಹಲವು ವಿಮಾನ ಕಂಪನಿಗಳು 11 ಪೌಂಡಿಗಿಂತ ಹೆಚ್ಚು ತೋಟಾ ಬಿಡುವುದಿಲ್ಲ. 6 ಅಥವಾ 7½ ನಂಬರಿನ ಚರೆಯ ಮೂರು ಡಬ್ಬಿ ಸಾಕು. ಕರಡಿ ಸ್ಪ್ರೇ ತರಬೇಡಿ, ವಿಮಾನದಲ್ಲಿ ಕಸಿದುಕೊಳ್ಳುತ್ತಾರೆ. ನಾವೇ ಕೊಡುತ್ತೇವೆ, ಅದು ವಿಮಾನದ ಕೆಳಗೆ ನೀರಿನಲ್ಲಿ ತೇಲುವ ಫ್ಲೋಟಿನೊಳಗಿನ ಖಾನೆಯಲ್ಲಿ ಬರುತ್ತದೆ. ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಯ ನೀರಿನ ಬೂಟು 2012ರಿಂದ ಅಲಾಸ್ಕಾದ ಸಿಹಿನೀರಿನಲ್ಲಿ ನಿಷಿದ್ಧ. ರಬ್ಬರ್ ಅಡಿಯದ್ದೇ ಇರಲಿ.

ಎಚ್‌-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ದಯವಿಟ್ಟು ಇದನ್ನು ಎರಡು ಸಲ ಓದಿ. ಅಮೆರಿಕದ ಕೇಂದ್ರ ಕಾನೂನಿನಂತೆ ನೀವು ಕೋವಿ, ತೋಟಾ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಆದ್ದರಿಂದ ಲೈಸೆನ್ಸ್ ಮೊದಲು, ಕೋವಿ ಮುಟ್ಟುವುದು ಆಮೇಲೆ. ಲಾಡ್ಜಿನ ಕೋವಿ ಎರವಲು ಪಡೆದರೂ ಇದೇ ಮಾತು. ಅಮೆರಿಕದ ಪ್ರಜೆಗಳೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ವಿದೇಶಿಯರಿಗೆ ಅಲಾಸ್ಕಾದ ಬೇಟೆ ಲೈಸೆನ್ಸಿನ ದರವೂ ಬಹಳ ದುಬಾರಿ. ಗ್ರೀನ್ ಕಾರ್ಡ್ ಇದ್ದವರಿಗೆ ಕೋವಿಯ ಈ ನಿರ್ಬಂಧ ಇಲ್ಲ. ಮೀನಿಗೆ ಬೇರೆ ಲೈಸೆನ್ಸ್.

ಕಾಟ್ಮೈ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆ ಇಲ್ಲ, ಅದಕ್ಕೆ ತಾಗಿದ ಪ್ರಿಸರ್ವ್‌ (ಬೇಟೆಗೆ ಅವಕಾಶವಿರುವ ಸಂರಕ್ಷಿತ ಪ್ರದೇಶ) ಒಳಗೆ ಇದೆ. ಅಲ್ಲಿ ಗೆರೆ ಎಳೆದು ತೋರಿಸುವ ಬೇಲಿಯೇನೂ ಇಲ್ಲ. ಮೂಲನಿವಾಸಿಗಳ ಒಡೆತನದ ಕಾರ್ಪೊರೇಷನ್‌ಗಳ (ಕಂಪನಿಗಳ) ಭೂಮಿ ಖಾಸಗಿ, ಅನುಮತಿ ಬೇಕು. ಗೈಡು ನಿಲ್ಲಿ ಎಂದಲ್ಲಿ ನಿಲ್ಲಬೇಕು. ಹೊಡೆದ ಹಕ್ಕಿಯ ಎದೆಮಾಂಸ ಬಿಟ್ಟುಬರುವುದು ಅಪರಾಧ. ಅಲ್ಲೇ ಕರುಳು ತೆಗೆದು, ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬಿಸಿಯಾಗಿಯೇ ಕಟ್ಟಿದರೆ ಸಂಜೆಗೆ ವಾಸನೆ ಹೊಡೆಯುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ರೂಢಿ ಇಲ್ಲದ ಕಾರಣ ನಮ್ಮವರಲ್ಲಿ ಹಲವರು ಹಾರುವ ಗುರಿಗೆ ಮೊದಲ ಈಡು ಹೊಡೆಯುವುದೇ ಇಲ್ಲಿ. ಇನ್ನು ಮುಂದೆ ಬರುವ ಮೊದಲು ಹಂಟರ್ ಎಜುಕೇಷನ್ (ಬೇಟೆಯ ಸುರಕ್ಷತೆಯ) ಕೋರ್ಸು ಮುಗಿಸಿ, ಮಣ್ಣಿನ ಬಿಲ್ಲೆ ಹಾರಿಸಿ ಗುರಿ ಅಭ್ಯಾಸ ಮಾಡುವ ಕ್ಲೇ ರೇಂಜಿನಲ್ಲಿ ಕನಿಷ್ಠ 100 ತೋಟಾ ಹೊಡೆದಿರಬೇಕು. ಕಿತ್ತಳೆ ಬಣ್ಣದ ವೆಸ್ಟ್ ಕಡ್ಡಾಯ. ರಾಜ್ಯ ಕೇಳದಿದ್ದರೂ ನಾವು ಕೇಳುತ್ತೇವೆ.

ಆಗಸ್ಟಿಗೆ ಈಗಾಗಲೇ ಮುಂಗಡ ಕೊಟ್ಟವರು ಸೆಪ್ಟೆಂಬರಿಗೆ ಬದಲಿಸಿಕೊಳ್ಳಬಹುದು, ಅಥವಾ ಆಗಸ್ಟಿನಲ್ಲೇ ಮೀನಿಗೆ ಮಾತ್ರ ಬಂದು ಬೇಟೆಯ ಹಣ ವಾಪಸ್ ಪಡೆಯಬಹುದು. ಉತ್ತರಿಸುವಾಗ ನಿಮ್ಮ ದೇಹತೂಕವನ್ನೂ ಸರಿಯಾಗಿ ಬರೆಯಿರಿ; ಫ್ಲೋಟ್‌ಪ್ಲೇನಿನ ಲೆಕ್ಕ ಅದರ ಮೇಲೆ ನಿಂತಿದೆ.

ಇಂತು,
ಪ್ರವಾಸ ವಿಭಾಗ