ನಿನ್ನ ತಾತನ 360 ದಿನ

ಪ್ರೀತಿಯ ಪುಟ್ಟುವಿಗೆ ಅತ್ತೆಯ ಆಶೀರ್ವಾದ.

ಕೆಲಸ ಹೋದ ವಿಷಯ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಕಂಪನಿಯವರು ಒಟ್ಟಿಗೆ ಕೊಟ್ಟ ದುಡ್ಡಿನಲ್ಲಿ ನೀನು ಊರಾಚೆ ಸೈಟ್ ನೋಡುತ್ತಿದ್ದೀಯ ಅಂತಲೂ ಹೇಳಿದಳು. ಕೆಲಸ ಹೋದದ್ದಕ್ಕಿಂತ ಈ ಸೈಟಿನ ಸುದ್ದಿ ಕೇಳಿ ನನಗೆ ನಿದ್ದೆ ಬರಲಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ.

ನೀನು ಬಾಡಿಗೆಗೆ ಇರುವ ಬಿನ್ನಿಪೇಟೆ ನಾನು ಹುಟ್ಟಿ ಬೆಳೆದ ಕಡೆ. ನಿನ್ನ ಬಾಲ್ಕನಿಯಿಂದ ನೋಡಿದರೆ ಈಗ ಅದರ ಗುರುತೇ ಸಿಗುವುದಿಲ್ಲ. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ ಶುರುವಾಗಿ, ಬಿನ್ನಿ ಕಂಪನಿಯ ಕೈಗೆ ಹೋಗಿ, ಜನರ ಬಾಯಲ್ಲಿ ಬರೀ ಬಿನ್ನಿ ಮಿಲ್ ಆದ ಜಾಗ ಅದು. ಬಿನ್ನಿ ಕಂಪನಿಯ ಖಾಕಿ ಬಟ್ಟೆಗೆ ಎಷ್ಟು ಹೆಸರಿತ್ತು ಅಂತೀಯ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಿನರ್ವಾ ಮಿಲ್. ಕಾನೂನು ಓದಿದವರಿಗೆ ಮಿನರ್ವಾ ಅಂದರೆ ಸಂವಿಧಾನದ ಬಗ್ಗೆ 1980ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ನಮಗೆ ಅದು ಒಂದು ಸೈರನ್, ಅಷ್ಟೇ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಈಗ ಮಾಲ್ ಇದೆ, ನೀನೇ ಸಿನಿಮಾಗೆ ಹೋಗುತ್ತಿರುತ್ತೀಯಲ್ಲ. ನಿನ್ನ ತಾತ ಯಾವ ಮಿಲ್‌ನಲ್ಲಿದ್ದರು ಅಂತ ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದ್ದು ಮಿಲ್‌ನ ಮೇಲಿನ ದೂರಲ್ಲ.

ನಮ್ಮದು ಹನ್ನೆರಡು ಮನೆಯ ವಠಾರ, ಎರಡು ನಲ್ಲಿ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ನಲ್ಲಿ ಜಗಳ ಆಡಲು ನಮಗೆ ಬರುತ್ತಿತ್ತು. ಕರಗದ ರಾತ್ರಿ ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೆ ಕರಗ ಬರುವುದನ್ನು ನೋಡಲು ಇಡೀ ವಠಾರ ಬೀಗ ಹಾಕಿಕೊಂಡು ಹೋಗುತ್ತಿತ್ತು. ಗಡಿಯಾರ ಇದ್ದದ್ದು ಒಂದೇ ಮನೆಯಲ್ಲಿ. ಅದರ ಅಗತ್ಯವೂ ಇರಲಿಲ್ಲ. ಸೈರನ್ ಕೂಗಿದರೆ ಅಕ್ಕಿ ತೊಳೆಯಬೇಕು, ಇನ್ನೊಂದು ಕೂಗಿದರೆ ನಾವು ಸ್ಕೂಲಿಗೆ ಓಡಬೇಕು.

ಅಪ್ಪ ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ಅರಳೆ ಕೂತಿರುತ್ತಿತ್ತು. ನಾನು ಅದನ್ನು ಹೆಕ್ಕಿ ಹೆಕ್ಕಿ ಗೋಲಿ ಮಾಡುತ್ತಿದ್ದೆ. ಲೂಮ್ ಷೆಡ್‌ನ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಗುಟ್ಟಿನ ಮಾತನ್ನೂ ಕೂಗಿಯೇ ಹೇಳುತ್ತಿದ್ದರು. ಹೀಗಾಗಿ ನಮ್ಮ ವಠಾರದಲ್ಲಿ ಯಾರದೂ ಗುಟ್ಟು ಇರಲಿಲ್ಲ ಬಿಡು. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದರೆ ಅವರಿಗೆ ಎದೆ ಬಿಗಿಯುತ್ತಿತ್ತು. ವಾರ ಕಳೆದಂತೆ ಸಡಿಲವಾಗುತ್ತಿತ್ತು. ಹತ್ತಿ ಧೂಳಿನಿಂದ ಬರುವ ಆ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರಿದೆ ಎಂದು ನನಗೆ ತಿಳಿದದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ. ಆಗ ಅಮ್ಮನಿಗೆ ಗೊತ್ತಿದ್ದ ಔಷಧ ಒಂದೇ, ಬೆಲ್ಲ. ಸೋಮವಾರದ ಕ್ಯಾರಿಯರ್‌ನಲ್ಲಿ ಒಂದು ಚೂರು ಜಾಸ್ತಿ.

ಒಂದು ಸಲ ಅಪ್ಪ ನನಗೆ ನೇಕಾರರ ಗಂಟು ಕಲಿಸಿದರು. ಹರಿದ ಎಳೆಯ ಎರಡು ತುದಿಯನ್ನು ಹೆಬ್ಬೆರಳಿನ ಕೆಳಗೆ ಒಂದರ ಮೇಲೊಂದು ಒತ್ತಿ ಹಿಡಿದು, ಸುತ್ತಿ, ತೂರಿಸಿ, ಎಳೆದು ಬಿಡುವುದು. ಕಣ್ಣು ಮಿಟುಕಿಸುವುದರೊಳಗೆ ಆಗಿಬಿಡುತ್ತಿತ್ತು. ಬೆರಳಾಡಿಸಿದರೂ ಗಂಟು ಎಲ್ಲಿದೆ ಅಂತ ಸಿಗದು. ‘ನಲವತ್ತು ಕೌಂಟ್ ನೂಲು ಅಂದರೆ ಏನು ಹೇಳು’ ಅಂತ ಕೇಳುತ್ತಿದ್ದರು. ಒಂದು ಪೌಂಡ್ ಹತ್ತಿಯಲ್ಲಿ 40 ಲಡಿ, ಅಂದರೆ ನೂಲಿನ ಸುರುಳಿ, ಒಂದೊಂದು ಲಡಿ 840 ಗಜ. ಏಳನೇ ಕ್ಲಾಸಿನಲ್ಲಿ ನನಗೆ ಬಾಯಿಪಾಠವಾಗಿದ್ದ ಲೆಕ್ಕ ಇದೊಂದೇ. ಇಷ್ಟು ಲೆಕ್ಕ ಗೊತ್ತಿದ್ದ ಮನುಷ್ಯ ಇನ್ನೊಂದು ಲೆಕ್ಕದಲ್ಲಿ ಎಡವಿದರು. ಅದನ್ನು ಹೇಳಲು ಇಷ್ಟೆಲ್ಲ ಬರೆದೆ.

ನಾನು ಎಸ್ಸೆಸ್ಸೆಲ್ಸಿ ಇದ್ದಾಗ ಮಿಲ್ ನಿಂತಿತು. ಮೊದಲು ಬದ್ಲಿಗಳಿಗೆ ಕೆಲಸ ತಪ್ಪಿತು. ಬದ್ಲಿ ಅಂದರೆ ಯಾರಾದರೂ ರಜ ಹಾಕಿದರೆ ಸಿಗಲಿ ಅಂತ ಬೆಳಗ್ಗೆ ಗೇಟಿನ ಹತ್ತಿರ ಕಾಯುವವನು. ನಿಮ್ಮ ಕಂಪನಿಗಳಲ್ಲಿ ಕೆಲಸವಿಲ್ಲದೆ ಕೂರಿಸುವುದಕ್ಕೆ ಬೆಂಚ್ ಅಂತೀರಲ್ಲ, ಅಲ್ಲಿ ಕೂತವನಿಗೆ ಸಂಬಳವಾದರೂ ಬರುತ್ತೆ. ಆಮೇಲೆ ಒಂದು ಶಿಫ್ಟ್ ಹೋಯಿತು, ಆಮೇಲೆ ಎಲ್ಲವೂ. ಸೈರನ್ ಇಲ್ಲದ ಮೊದಲನೇ ದಿನ ವಠಾರದ ಅರ್ಧ ಮಕ್ಕಳು ಸ್ಕೂಲಿಗೆ ಲೇಟು.

ಲೆಕ್ಕದ ದುಡ್ಡು ಕೈಗೆ ಬರಲು ಎರಡು ವರ್ಷ ಹಿಡಿಯಿತು. ಗ್ರಾಚ್ಯುಟಿ, ಅಂದರೆ ಸರ್ವೀಸಿಗೆ ಅಂತ ಕೊನೆಗೆ ಕೊಡುವ ದುಡ್ಡು, ವರ್ಷಕ್ಕೆ 15 ದಿನದ ಸಂಬಳ. ಅಪ್ಪನ ಸರ್ವೀಸು 24 ವರ್ಷ. ಅಂದರೆ 360 ದಿನದ ಸಂಬಳ. ತಿಂಗಳಿಗೆ 26 ದಿನದ ಲೆಕ್ಕ ಹಿಡಿದರೆ ಹದಿನಾಲ್ಕು ತಿಂಗಳೂ ತುಂಬದು. ಆದರೆ ಅಷ್ಟು ದೊಡ್ಡ ನೋಟಿನ ಕಟ್ಟನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹದಿನಾಲ್ಕು ತಿಂಗಳ ಸಂಬಳವಾಗಿ ಅದು ಕಾಣಲೇ ಇಲ್ಲ, ಐಶ್ವರ್ಯವಾಗಿ ಕಂಡಿತು. ಮೊದಲನೇ ವಾರವೇ ಬಂಧುಗಳು ಬಂದರು. ಮಿಲ್‌ನಲ್ಲಿ ಜಾಬರ್, ಅಂದರೆ ಮೇಸ್ತ್ರಿ, ಆಗಿದ್ದ ಮೂಲೆಮನೆ ಮಾಮ ಬಂದು ಸಾಲ ಕೇಳಿದ. ಇಪ್ಪತ್ತು ವರ್ಷ ಜೊತೆಗೆ ದುಡಿದವನಿಗೆ ಇಲ್ಲ ಅನ್ನಲಾದೀತೆ? ಅಕ್ಕನ ಮದುವೆ ಚೌಲ್ಟ್ರಿಯಲ್ಲೇ ಆಗಬೇಕು ಅಂದರು. ಉಳಿದದ್ದಕ್ಕೆ ಊರಾಚೆ ಒಂದು ಸೈಟ್, ಬಿಳಿ ಕಲ್ಲು ನೆಟ್ಟು ತೋರಿಸಿದ್ದರು. ಅದೇ ಸೈಟನ್ನು ಇನ್ನಿಬ್ಬರಿಗೂ ಮಾರಿದ್ದರು ಅಂತ ಆಮೇಲೆ ಗೊತ್ತಾಯಿತು. ಎಂಟು ತಿಂಗಳಿಗೆ ಎಲ್ಲ ಮುಗಿಯಿತು.

ನಮ್ಮ ವಠಾರದಲ್ಲಿ ಸರಿಯಾಗಿ ಉಳಿದುಕೊಂಡವನು ಒಬ್ಬನೇ, ಎದುರುಮನೆಯ ಬದ್ಲಿ. ಅವನಿಗೆ ದುಡ್ಡೇ ಬರಲಿಲ್ಲವಲ್ಲ. ಮಾರನೇ ದಿನವೇ ಬಾಡಿಗೆ ಆಟೋ ಓಡಿಸಲು ಹೋದ.

ಆಮೇಲೆ ಅಮ್ಮ ಊದುಬತ್ತಿ ಹೊಸೆಯಲು ಕೂತಳು. ಆ ಕಡೆ ಮನೆಮನೆಯಲ್ಲೂ ಹೆಂಗಸರಿಗೆ ಅದೇ ಕೆಲಸ. ಮಣೆಯ ಮೇಲೆ ಮಸಾಲೆ, ಕಡ್ಡಿ, ಕಪ್ಪಗಾದ ಅಂಗೈ. ಸಾವಿರಕ್ಕೆ ಇಷ್ಟು ಅಂತ ಕೂಲಿ. ರಾತ್ರಿ ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದಳು. ಎಷ್ಟು ಸಾವಿರ ಆಯಿತು, ಅದು ಎಷ್ಟು ದಿನದ ಅಕ್ಕಿ. ರೂಪಾಯಿ ಬರೆಯುತ್ತಲೇ ಇರಲಿಲ್ಲ. ಅಪ್ಪ ಒಂದು ದಿನ ಆ ಕ್ಯಾಲೆಂಡರ್ ಮುಂದೆ ತುಂಬಾ ಹೊತ್ತು ನಿಂತಿದ್ದರು. ‘ಇದನ್ನ ಮೊದಲೇ ತೋರಿಸಬಾರದಿತ್ತೇನೇ’ ಅಂದರು. ಅಮ್ಮ ಕಡ್ಡಿ ಹೊಸೆಯುತ್ತಲೇ ಇದ್ದಳು. ಕೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದಳೋ.

ಪುಟ್ಟು, ನೀನೂ ನಿನ್ನ ಅಜ್ಜಿಯ ಹಾಗೇ ಮಾಡು. ಬಂದಿರುವ ದುಡ್ಡನ್ನು ನಿಮ್ಮ ಮನೆಯ ತಿಂಗಳ ಖರ್ಚಿನಿಂದ ಭಾಗಿಸು. ಬಾಡಿಗೆ, ನಿಮ್ಮಮ್ಮನ ಮಾತ್ರೆ, ಮಗುವಿನ ಸ್ಕೂಲು, ಕಾರಿನ ಕಂತು, ಏನನ್ನೂ ಬಿಡಬೇಡ. ಎಷ್ಟು ತಿಂಗಳು ಬರುತ್ತೋ ಅಷ್ಟೇ ನಿನ್ನ ಹತ್ತಿರ ಇರುವುದು. ಇನ್ನೊಂದು ಕೆಲಸ ಸಿಕ್ಕಿ ಎರಡು ತಿಂಗಳ ಸಂಬಳ ಬರುವವರೆಗೆ ಸೈಟಿನ ಮಾತು ಬೇಡ. ಸಾಲ ಕೇಳಿದವರಿಗೆ ಅತ್ತೆ ಬೇಡ ಅಂದಳು ಅಂತ ಹೇಳು. ನನಗೇನೂ ಬೇಜಾರಿಲ್ಲ, ಈ ವಯಸ್ಸಿನಲ್ಲಿ ಕೆಟ್ಟವಳಾದರೆ ಏನಾಯಿತು. ಮತ್ತೆ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಮಾಡು, ಒಬ್ಬನೇ ಲ್ಯಾಪ್‌ಟಾಪ್ ಮುಂದೆ ಅಲ್ಲ.

ಭಾನುವಾರ ಊಟಕ್ಕೆ ಇಬ್ಬರೂ ಬನ್ನಿ. ಕಂಪನಿಯವರು ಕೊಟ್ಟ ಕಾಗದ ತೆಗೆದುಕೊಂಡು ಬಾ. ಕ್ಯಾಲೆಂಡರ್ ಗೋಡೆಯಿಂದ ಇಳಿಸಿಟ್ಟಿರುತ್ತೇನೆ, ಪೆನ್ಸಿಲ್ ಕೆತ್ತಿಟ್ಟಿದ್ದೇನೆ.

ಇತಿ,
ನಿನ್ನ ಅತ್ತೆ